ಎಲ್ಲಾ ಸಿಸ್ಟಮ್ಮಿಗೂ ಒಂದೇ ಮಾತು

"ಸ್ವಲ್ಪ ಸರ್ಕೊಳಮ್ಮ, ಅಯ್ಯನೋರು ವಿಭೂತಿ ಇಡ್ಬೇಕು" ಎಂದು ಮಂಜಮ್ಮ ಎರಡನೇ ಸಲ ಹೇಳಿದ ಮೇಲೂ ಗಗನಾ ಮಹಾಲಿಂಗಯ್ಯನ ಪಾದ ಬಿಡಲಿಲ್ಲ. ಆ ತಣ್ಣನೆಯ ಕಾಲಿಗೆ ಹಣೆಯೊತ್ತಿ ಬಿಕ್ಕುತ್ತಲೇ ಇದ್ದಳು. ಕೊನೆಗೆ ಮಂಜಮ್ಮನೇ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಪಕ್ಕದ ಚಾಪೆಯ ಮೇಲೆ ಕೂತಿದ್ದ ಸಿದ್ದಗಂಗಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಸತ್ತವನು ಅವಳ ಗಂಡ. ಪಾದ ಹಿಡಿದು ಅತ್ತವಳು ಗಂಡನ ಆಫೀಸಿನ ಕ್ಯಾಷಿಯರ್. ಎಬ್ಬಿಸಿದವಳು ಸಿದ್ದಗಂಗಮ್ಮನ ಅಕ್ಕ. ಬೆಳಗಿನಿಂದ ಸಿದ್ದಗಂಗಮ್ಮನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ, ಬಂದದ್ದು ಹೊಟ್ಟೆಕಿಚ್ಚು. ಗಂಡನನ್ನು ಮಣ್ಣು ಮಾಡುವ ದಿನ ಹೆಂಡತಿಗೆ ಬರಬೇಕಾದದ್ದು ಅದಲ್ಲ ಎಂದು ಅವಳಿಗೂ ಗೊತ್ತು. ಆದರೆ ಹೊಟ್ಟೆಕಿಚ್ಚೇನು ಪಂಚಾಂಗ ನೋಡಿಕೊಂಡು ಬರುತ್ತದೆಯೇ?

ಮಹಾಲಿಂಗಯ್ಯನನ್ನು ಜಗಲಿಯ ಗೋಡೆಗೊರಗಿಸಿ, ಎದೆಗೆ ಬಿಳಿ ಪಂಚೆ ಬಿಗಿದು ಕೂರಿಸಿದ್ದರು. ಅವರ ಮತದಲ್ಲಿ ಸತ್ತವರು ಮಲಗಿಕೊಂಡು ಹೋಗುವುದಿಲ್ಲ, ಕೂತೇ ಹೊರಡುತ್ತಾರೆ. ಎಡಗೈಯಲ್ಲಿ ಲಿಂಗ, ಕಣ್ಣು ಅರೆತೆರೆದು ಎದುರಿಗೆ ನೆಟ್ಟಿದೆ. ಸಾಯುವ ಮುಂಚೆಯೂ ಆತ ಹೀಗೆಯೇ ಕೂತಿರುತ್ತಿದ್ದ, ಎದುರಿಗೆ ಒಂದು ಕಂಪ್ಯೂಟರ್ ಇರುತ್ತಿತ್ತು ಅಷ್ಟೆ.

ಸಹಕಾರ ಸಂಘದ ಕಾರ್ಯದರ್ಶಿ ಜಯರಾಮಯ್ಯ ಹಾರ ಹಾಕಿ ಬಂದು ಸಿದ್ದಗಂಗಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಎಂಥಾ ಮಾತುಗಾರ್ರಮ್ಮ ನಿಮ್ಮೆಜಮಾನ್ರು. ಒಂದೊಂದು ಮಾತೂ ತೂಗಿ ಇಟ್ಟಂಗೆ. ಇನ್ಮೇಲೆ ಬೆಳಿಗ್ಗೆ ಆಫೀಸಿಗೆ ಹೋಗೋಕೇ ಮನ್ಸಿಲ್ಲ."

"ಯಾರು?" ಎಂದಳು ಸಿದ್ದಗಂಗಮ್ಮ.

"ಮಹಾಲಿಂಗಯ್ಯೋರು."

ಮಾತುಗಾರನಂತೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾಗಿದ್ದರೆ ಆ ಮನೆಯಲ್ಲಿ ಬಂಗಾರ ಇಡಲು ಜಾಗ ಸಾಲುತ್ತಿರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದರೆ ಹೂಂ. ಜಾಸ್ತಿಯಾಯಿತಾ ಎಂದರೂ ಹೂಂ. ಮಗಳು ಪ್ರಿಯಾಂಕಳನ್ನು ಶಿರಾದ ಗಂಡಿಗೆ ಒಪ್ಪಿಸುವಾಗಲೂ ಈ ಮನುಷ್ಯ ಆಡಿದ್ದು ಅದೊಂದೇ ಅಕ್ಷರ. ಆ ಮನೆಯಲ್ಲಿ ಮಾತೆಲ್ಲ ಸಿದ್ದಗಂಗಮ್ಮನದೇ. ಇಷ್ಟು ವರ್ಷ ತಾನು ಆಡಿದ್ದರಲ್ಲಿ ಒಂದಾದರೂ ಆತನ ಕಿವಿಯೊಳಗೆ ಇಳಿದಿತ್ತೇ ಎಂಬುದೇ ಅವಳ ಕೊರಗು. ಇಳಿದಿಲ್ಲ ಎಂದೇ ನಂಬಿದ್ದಳು. ಈಗ ನೋಡಿದರೆ, ಮನೆಯಲ್ಲಿ ಆಡದೆ ಉಳಿಸಿದ್ದನ್ನೆಲ್ಲ ಆತ ಆಫೀಸಿನಲ್ಲಿ ಸುರಿದು ಬರುತ್ತಿದ್ದನೆಂದು ತೋರುತ್ತಿತ್ತು. ಪ್ರಾಣ ಬಿಟ್ಟದ್ದೂ ಅಲ್ಲೇ, ಆ ಗಗನಾಳ ಕಣ್ಣೆದುರಿಗೇ.

*

ಆ ಆಫೀಸಿಗೆ ಸಿದ್ದಗಂಗಮ್ಮ ಹೋದದ್ದು ಒಂದೇ ಸಲ. ಗಂಡ ಊಟದ ಡಬ್ಬಿ ಮರೆತು ಹೋಗಿದ್ದ ದಿನ.

ಕೊರಟಗೆರೆಯ ಪೇಟೆಯಲ್ಲಿ ಬಟ್ಟೆಯಂಗಡಿಯ ಮೇಲಿನ ಮಹಡಿ. ಸಾಲಾಗಿ ಕಂಪ್ಯೂಟರುಗಳು, ಎಲ್ಲದರ ಮೇಲೂ ಸಿದ್ದರಬೆಟ್ಟದ ಅದೇ ಚಿತ್ರ. ಕೊನೆಯಲ್ಲಿ, ಅವನ್ನೆಲ್ಲ ನೋಡಿಕೊಳ್ಳುವ ಕೆಲಸದ ಮಹಾಲಿಂಗಯ್ಯ ಕೂತಿದ್ದ. ಹೆಂಡತಿಯನ್ನು ಕಂಡು ಎದ್ದುನಿಂತ, ಡಬ್ಬಿ ಇಸಿದುಕೊಂಡ, ಮತ್ತೆ ಕೂತ. ಮಾತಾಡಿಸಿದವರು ಜಯರಾಮಯ್ಯ.

"ನೋಡಿ ಅಮ್ಮಾ, ಈ ಚಿತ್ರ ಯಾರೂ ಬದಲಾಯ್ಸಂಗಿಲ್ಲ. ಪೆನ್‌ಡ್ರೈವ್ ಚುಚ್ಚುದ್ರೆ ತಗಳಲ್ಲ. ಸೀಟ್ ಬುಟ್ಟು ಎದ್ದೋದ್ರೆ ತಾನೇ ಲಾಕ್ ಆಯ್ತದೆ. ಇವ್ರು ಇಲ್ಲಿ ಕೂತು ಪಾಲಿಸಿ ಅಂತ ಒಂದ್ಸಲ ಹಾಕುದ್ರೆ ಮುಗೀತು, ಹೊಳವನಹಳ್ಳಿ ಶಾಖೆ ಸಿಸ್ಟಮ್ಮೂ ಕೇಳ್ಬೇಕು."

ಪಾಲಿಸಿ ಎಂದರೆ ಸಿದ್ದಗಂಗಮ್ಮನಿಗೆ ಗೊತ್ತಿದ್ದದ್ದು ವಿಮೆಯದು. ಆದರೂ ಅರ್ಥವಾಯಿತು. ಸಂತೆಯಲ್ಲಿ ಏನು ತರಲಿ ಎಂದರೆ ನಿನ್ನಿಷ್ಟ ಎನ್ನುವ ಮನುಷ್ಯ, ಇಲ್ಲಿ ಇಷ್ಟು ಜನರ ಮೇಲೆ ಕಾನೂನು ಮಾಡುತ್ತಾನೆ. ಯಾರು ಏನು ನೋಡಬೇಕು, ಏನನ್ನು ಮುಟ್ಟಬಾರದು, ಎಲ್ಲ ಈತನೇ ಹೇಳಬೇಕು. ಆ ಪರದೆಗಳ ಮೇಲೆಯೇ ಅವಳಿಗೆ ಹೊಟ್ಟೆ ಉರಿಯಿತು. ಅವುಗಳಿಗಿದ್ದ ಭಾಗ್ಯ ತನ್ನ ಅಡುಗೆಮನೆಗೆ ಇರಲಿಲ್ಲ.

ಹೊರಡುವಾಗ ಕ್ಯಾಷ್ ಕೌಂಟರ್ ಕಡೆ ಕಣ್ಣು ಹೋಯಿತು. ಡ್ರಾಯರಿಗೆ ಬೀಗ ಹಾಕಿತ್ತು, ಬೀಗದಕೈ ಅದರಲ್ಲೇ ತೂಗುತ್ತಿತ್ತು. ಸುಮ್ಮನಿರುವ ಬಾಯಿ ಅವಳದಲ್ಲ.

"ಏನಮ್ಮ ಇದು? ಬೀಗ ಹಾಕಿ ಬೀಗದಕೈನ ಅಲ್ಲೇ ನೇತಾಕುದ್ರೆ, ಕಳ್ಳನಿಗೆ ಎಲೆ ಅಡಿಕೆ ಕೊಟ್ಟು ಕರ್ದಂಗೆ."

ಇಡೀ ಆಫೀಸು ಗೊಳ್ಳೆಂದಿತು. ಗಗನಾ ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕಳು, ನಗುತ್ತಲೇ ಮಹಾಲಿಂಗಯ್ಯನ ಕಡೆ ನೋಡಿದಳು. ಆತ ಪರದೆಯೊಳಗೇ ತಲೆ ಹುದುಗಿಸಿದ್ದ. ಕಿವಿ ಮಾತ್ರ ಕೆಂಪಾಗಿತ್ತು. ತನ್ನ ಹಳ್ಳಿ ಮಾತಿಗೆ ಗಂಡನಿಗೆ ನಾಚಿಕೆಯಾಯಿತು ಎಂದುಕೊಂಡು ಸಿದ್ದಗಂಗಮ್ಮ ಮೆಟ್ಟಿಲಿಳಿದಳು. ಮತ್ತೆಂದೂ ಹತ್ತಲಿಲ್ಲ.

*

ಗುಣಿಯ ಒಳಗೋಡೆಯಲ್ಲಿ ಕೊರೆದಿದ್ದ ಗೂಡಿನಲ್ಲಿ ಮಹಾಲಿಂಗಯ್ಯನನ್ನು ಕೂರಿಸಿದರು. ಮೊದಲು ಮಗಳು, ಅಳಿಯ, ಮಿಕ್ಕ ಮನೆಯವರು ಪತ್ರೆ, ವಿಭೂತಿ ಹಾಕಿದರು, ಆಮೇಲೆ ಆಫೀಸಿನವರು. ಗಗನಾ ಬಗ್ಗಿ ಪತ್ರೆ ಬಿಟ್ಟಳು. ಬಿಟ್ಟ ಮೇಲೂ ಏಳದೆ ತುಟಿ ಅಲ್ಲಾಡಿಸಿದಳು. ಪಕ್ಕದಲ್ಲೇ ನಿಂತಿದ್ದ ಸಿದ್ದಗಂಗಮ್ಮನಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

"ಹೇಳ್ದೆ ಹೋದ್ರಲ್ಲಾ ಸರ್."

ಅದು ಸಿದ್ದಗಂಗಮ್ಮನ ಮಾತು. ನಿನ್ನೆಯಿಂದ ಅವಳು ಒಳಗೊಳಗೇ ಹಿಡಿದಿಟ್ಟುಕೊಂಡಿದ್ದ ಮಾತು. ಇವಳು ಯಾರು ಅದನ್ನು ಆಡುವುದಕ್ಕೆ? ಇವಳಿಗೆ ಹೇಳಿ ಹೋಗಬೇಕಾದ ಋಣ ಆತನಿಗೇನಿತ್ತು? "ಮಣ್ಣು ಹಾಕು ಬಾರೇ" ಎಂದು ಮಂಜಮ್ಮ ಕೈ ಹಿಡಿದು ಮುಂದಕ್ಕೆ ತಂದಳು. ಸಿದ್ದಗಂಗಮ್ಮ ಮಣ್ಣು ಹಾಕಿದಳು, ಸ್ವಲ್ಪ ಬಿರುಸಾಗಿಯೇ ಹಾಕಿದಳು.

*

ಮೊನ್ನೆ ಸಂಜೆ ಅವಳು ಗಂಡನನ್ನು ಎದುರಿಗೆ ಕೂರಿಸಿಕೊಂಡು ಬೈದಿದ್ದಳು.

ಬೆಳಿಗ್ಗೆ ಹೊತ್ತು ಅವಳು ಹಿತ್ತಿಲಲ್ಲಿದ್ದರೆ ಆತ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ನಡೆದುಬಿಡುತ್ತಿದ್ದ. ಇವಳು ಒಳಗಿನಿಂದ ಕೂಗಿ ಏನೋ ಹೇಳುವುದು, ಉತ್ತರ ಬಾರದೆ ಹೊರಗೆ ಬಂದು ನೋಡುವುದು, ಬಾಗಿಲು ಹಾರುಹೊಡೆದಿರುವುದು. ಎಷ್ಟೋ ಸಲ ಖಾಲಿ ಮನೆಯ ಜೊತೆ ಜಗಳವಾಡಿ ಮುಗಿಸಿದ್ದಳು.

"ಹೋಗೋರು ಒಂದು ಮಾತು ಹೇಳೋಗ್ಬೇಕು ಕಣ್ರೀ. ಹೇಳ್ದೆ ಹೋದ್ರೆ ಒಳಗಿರೋರು ಬಾಗ್ಲು ಹಾಕೋದಾ, ಕಾಯೋದಾ?"

"ಹೂಂ" ಎಂದಿದ್ದ.

ಮಾರನೆಯ ಬೆಳಿಗ್ಗೆ ಹಂಡೆ ತೊಳೆದು ಬಂದು ನೋಡಿದರೆ ಚಪ್ಪಲಿ ಇಲ್ಲ, ಬಾಗಿಲು ತೆರೆದೇ ಇದೆ. ದಿನಕ್ಕಿಂತ ಬೇಗ ಹೋಗಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು ಎಂದುಕೊಂಡಳು. ಸಂಜೆ ಬರಲಿ, ತಾನೂ ಬಾಯಿ ಬಿಡುವುದಿಲ್ಲ, ಹೇಗಿರುತ್ತದೆ ನೋಡಲಿ ಎಂದು ಹಟ ತೊಟ್ಟಳು. ಮಧ್ಯಾಹ್ನಕ್ಕೆ ಮುಂಚೆ ಜಯರಾಮಯ್ಯನವರ ಫೋನ್ ಬಂತು. ಕುರ್ಚಿಯಲ್ಲಿ ಕೂತಲ್ಲೇ ವಾಲಿಕೊಂಡರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತಂತೆ.

*

ಮಣ್ಣು ಮಾಡಿ ಬಂದವರು ಕಾಲು ತೊಳೆದು, ಒಳಗೆ ಹಚ್ಚಿಟ್ಟ ದೀಪ ನೋಡಿ ಜಗಲಿಯಲ್ಲಿ ಕೂತರು. ಗಗನಾ ಬಂದು ಸಿದ್ದಗಂಗಮ್ಮನ ಪಕ್ಕದಲ್ಲೇ ಕೂತಳು. ಸಿದ್ದಗಂಗಮ್ಮ ಸೆರಗು ಎಳೆದುಕೊಂಡಳು. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟಳು.

"ಅವ್ರು ನಿಮ್ಮತ್ರ ಅಷ್ಟೊಂದು ಮಾತಾಡೋರಾ?"

"ಎಲ್ಲಿ ಮಾತಾಡ್ತಿದ್ರಮ್ಮ? ಏನು ಕೇಳಿದ್ರೂ ಹೂಂ ಅನ್ನೋರು, ಅಷ್ಟೆ" ಎಂದಳು ಗಗನಾ. "ಅವರ ಮಾತೆಲ್ಲ ಸಿಸ್ಟಮ್‌ನಲ್ಲಿ ಬರ್ತಿತ್ತು."

"ಸಿಸ್ಟಮ್ಮಲ್ಲಿ ಎಂಗೆ ಬತ್ತದೆ?"

"ಬೆಳಿಗ್ಗೆ ಆನ್ ಮಾಡಿದ ತಕ್ಷಣ, ಪಾಸ್‌ವರ್ಡ್ ಕೇಳೋಕೂ ಮುಂಚೆ, ಒಂದು ಮಾತು ಕಾಣುತ್ತೆ. ಓಕೆ ಒತ್ತಿದ್ರೇನೇ ಮುಂದಕ್ಕೆ ಬಿಡೋದು. ಅದನ್ನೂ ಸರ್ರೇ ತಮ್ಮ ಸೀಟಿಂದ ಹಾಕ್ತಿದ್ದಿದ್ದು, ಎಲ್ಲಾ ಸಿಸ್ಟಮ್ಮಿಗೂ ಒಂದೇ ಮಾತು. ಮೊದಲು 'ಕಚೇರಿ ಕೆಲಸಕ್ಕೆ ಮಾತ್ರ' ಅಂತ ಇತ್ತು. ಯಾರೂ ಓದ್ತಿರಲಿಲ್ಲ. ಒಂದ್ಸಲ ಯಾವುದೋ ಗೊತ್ತಿಲ್ಲದ ಮೇಲ್ ತೆಗೆದು ಒಂದು ಸಿಸ್ಟಮ್ ಪೂರ್ತಿ ಕೆಟ್ಟೋಯ್ತು. ಮಾರನೇ ದಿನ ಆನ್ ಮಾಡಿದ್ರೆ ಏನು ಬಂತು ಗೊತ್ತಾ? 'ಯಾರೋ ಕೊಟ್ರು ಅಂತ ಬಾಯಿಗಾಕ್ಕೊಂಡ್ರೆ ಹೊಟ್ಟೆ ಸುಮ್ಕಿರ್ತದಾ?' ಕೆಳಗೆ ಸಣ್ಣದಾಗಿ, ಗೊತ್ತಿಲ್ಲದ ಮೇಲ್ ತೆರೆಯಬೇಡಿ ಅಂತ. ಎಲ್ಲಾ ನಕ್ಕುಬಿಟ್ವಿ. ಅವತ್ತಿಂದ ಎಲ್ಲರೂ ಓದೋಕೆ ಶುರು ಮಾಡಿದ್ವಿ."

ಸಿದ್ದಗಂಗಮ್ಮನ ಕೈ ಸೆರಗಿನ ಮೇಲೆ ಹಾಗೆಯೇ ನಿಂತಿತು. ಯಾರದೋ ಮನೆಯ ಹಳಸಿದ ಚಿತ್ರಾನ್ನ ತಿಂದು ಬಂದು ಗಂಡ ಹೊಟ್ಟೆ ಹಿಡಿದುಕೊಂಡಿದ್ದ. ಓಮದ ಕಷಾಯ ಕೊಡುತ್ತಾ ಅವಳು ಬೈದದ್ದು ಅದು.

"ಆಮೇಲೆ?"

"ಆಮೇಲೆ ಎಷ್ಟೊಂದು. 'ಒಲೆ ಮ್ಯಾಲೆ ಹಾಲಿಕ್ಕಿ ಪಕ್ಕದ್ಮನೆ ಪಂಚಾಯ್ತಿಗೆ ಹೋದ್ರೆ ಹಾಲು ಕಾಯ್ಕೊಂಡಿರ್ತದಾ?' ಅದು ಸೀಟ್ ಬಿಟ್ಟು ಏಳುವಾಗ ಲಾಕ್ ಮಾಡಿ ಅನ್ನೋದಕ್ಕೆ. ನೀವು ಅವತ್ತು ಡಬ್ಬಿ ತಂದಾಗ ಬೀಗದಕೈ ಮಾತು ಅಂದ್ರಲ್ಲ? ಅವತ್ತು ಬೆಳಿಗ್ಗೆ ತಾನೆ ಅದೇ ಬಂದಿತ್ತು, ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಅಂಟಿಸಬೇಡಿ ಅಂತ. ಅದಕ್ಕೇ ನಗು ತಡೆಯೋಕೆ ಆಗ್ಲಿಲ್ಲ. ಸರ್ ಮಾತು ಮನೆಯವರಿಗೂ ಬಾಯಿಪಾಠ ಆಗಿದೆ ಅಂತ."

ಸರ್ ಮಾತು! ಬೆಳಗಿನಿಂದ ಈ ಹುಡುಗಿಯ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಈಗ ಗುಣಿಯೊಳಗೆ ಕೂತವನ ಕಡೆ ತಿರುಗಿತು. ಬೇಯಿಸಿದವಳು ತಾನು, ಬಡಿಸಿ ಹೊಗಳಿಸಿಕೊಂಡವನು ಆತ. ಒಂದು ದಿನವಾದರೂ ಇದು ನನ್ನ ಹೆಂಡತಿಯ ಮಾತು ಎಂದನೇ? ಮನೆಯಲ್ಲಿ ಹೂಂ ಎಂದು ಎದ್ದುಹೋದವನು, ಬೆಳಿಗ್ಗೆ ಹೋಗಿ ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದನಲ್ಲ, ಕಳ್ಳ. ಅವಳಿಗೆ ಕೋಪ ಬಂತು. ಕೋಪದ ಹಿಂದೆಯೇ ಇಡೀ ದಿನ ಬಾರದಿದ್ದ ಅಳುವೂ ಬಂತು.

"ನೆನ್ನೆ ಏನು ಹಾಕಿದ್ರು?" ಎಂದಳು.

"ಬೇಗ ಬಂದು ಹಾಕಿದ್ರು. ಸಂಜೆ ಎಲ್ಲರೂ ಲಾಗೌಟ್ ಆಗಿ ಹೋಗಿ ಅಂತ. ಅದರ ಮೇಲೆ..." ಗಗನಾ ಮೂಗೊರೆಸಿಕೊಂಡಳು. "'ಹೋಗೋರು ಒಂದು ಮಾತು ಹೇಳೋಗ್ಬೇಕು' ಅಂತ." ಮುಂದೆ ಹೇಳಲಾಗದೆ ಮೊಣಕಾಲಿಗೆ ಮುಖ ಒತ್ತಿಕೊಂಡಳು.

ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ಜಯರಾಮಯ್ಯ ನಿಟ್ಟುಸಿರು ಬಿಟ್ಟರು. "ಇನ್ಮೇಲೆ ಅದೇ ಇರ್ತದೆ ಬುಡಮ್ಮ. ಬದಲಾಯ್ಸೋದು ಅವರೊಬ್ರಿಗೇ ಗೊತ್ತಿದ್ದಿದ್ದು. ತುಮಕೂರಿಂದ ಯಾರಾದ್ರೂ ಬಂದು ನೋಡೋಗಂಟ ದಿನಾ ಬೆಳಿಗ್ಗೆ ನಾವು ಅದನ್ನೇ ಓದ್ಬೇಕು."

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನುವ ಪದ್ಧತಿಯಿಲ್ಲ. ಜನ ಒಬ್ಬೊಬ್ಬರೇ ಎದ್ದರು, ತಲೆ ತಗ್ಗಿಸಿ ನಡೆದರು. ಗಗನಾಳೂ ಕಣ್ಣೊರೆಸಿಕೊಂಡು ಎದ್ದಳು, ಜಯರಾಮಯ್ಯನವರ ಹಿಂದೆ ಗೇಟಿನತ್ತ ಹೋದಳು.

ಸಿದ್ದಗಂಗಮ್ಮ ಎದ್ದು ಹೊಸ್ತಿಲಿಗೆ ಬಂದಳು. "ಗಗನಾ, ಹೇಳ್ದೆ ಹೋಗ್ತೀಯೇನಮ್ಮ?"

"ಸುಮ್ಕಿರೇ" ಎಂದು ಮಂಜಮ್ಮ ಗಾಬರಿಯಿಂದ ತೋಳು ಹಿಡಿದಳು. "ಇಂಥ ದಿನ ಹೋಗ್ಬತ್ತೀನಿ ಅನ್ಬಾರ್ದು ಕಣೆ."

"ಹೇಳ್ದೆ ಹೋದ್ರೆ ಒಳಗಿರೋರು ಬಾಗ್ಲು ಹಾಕೋದಾ, ಕಾಯೋದಾ?"

ಗಗನಾಳ ಕೈ ಗೇಟಿನ ಚಿಲಕದ ಮೇಲೆ ನಿಂತಿತು. ಪರದೆಯ ಮೇಲೆ ಓದಿದ್ದ ಮಾತಿನ ಆ ಎರಡನೆಯ ಅರ್ಧವನ್ನು ಅವಳು ಸಿದ್ದಗಂಗಮ್ಮನಿಗೆ ಹೇಳಿರಲೇ ಇಲ್ಲ. ತಿರುಗಿ ನೋಡಿದಳು. ಅಂದು ನಕ್ಕಾಗ ಹೋದ ಹಾಗೆಯೇ ಅಂಗೈ ಬಾಯಿಗೆ ಹೋಯಿತು. ರಸ್ತೆಯಲ್ಲಿ ಸ್ಕೂಟರ್ ಹತ್ತುತ್ತಿದ್ದ ಜಯರಾಮಯ್ಯ ಕಾಲು ಮತ್ತೆ ನೆಲಕ್ಕಿಟ್ಟರು.

ಗಗನಾ ಅಂಗಳ ದಾಟಿ ಹೊಸ್ತಿಲ ತನಕ ವಾಪಸು ಬಂದಳು.

"ಹೋಗ್ಬರ್ತೀನಿ ಅಮ್ಮಾ" ಎಂದಳು.

"ಹೂಂ" ಎಂದು ಸಿದ್ದಗಂಗಮ್ಮ ಬಾಗಿಲು ಹಾಕಿಕೊಂಡಳು.