ಗರಡಿ ಬಿಡ್ತೇನೆ

ಬೂಬನ ಕೈ ಗುಣಪಾಲನ ಕಾಲರಿಗೆ ಬಿದ್ದದ್ದೂ, ಗುಣಪಾಲ ಎಡಗೈಯಿಂದ ಅವನ ಎದೆಗೆ ಗುದ್ದಿದ್ದೂ ಒಟ್ಟಿಗೇ ಆಯಿತು. ಬೂಬ ಹಿಂದಕ್ಕೆ ತತ್ತರಿಸಿ, ಅಂಗಳದಲ್ಲಿ ಬಾಳೆಲೆಯ ಮೇಲೆ ಮಲಗಿಸಿದ್ದ ತನ್ನ ಅಣ್ಣ ನೋಣಯ್ಯನ ಹೆಣದ ಕಾಲಬುಡದಲ್ಲೇ ಬಿದ್ದ. ತುಳಸಿ ನೀರಿನ ಚೆಂಬು ಉರುಳಿತು. ಹೆಂಗಸರ ಅಳು ಒಮ್ಮೆಲೇ ನಿಂತಿತು. ಸತ್ತ ಮನೆಯಲ್ಲಿ ಅಳು ನಿಲ್ಲುವುದಕ್ಕಿಂತ ದೊಡ್ಡ ಅಪಶಕುನ ಇನ್ನೇನುಂಟು?

“ಕೊಳ್ಳಿ ನಾನು ಇಡುವುದಿಲ್ಲ,” ಎಂದ ಗುಣಪಾಲ. “ಅಮ್ಮ ಕರೆದ್ರು ಅಂತ ಬಂದೆ, ಅಷ್ಟೆ. ಬೇಕಾದ್ರೆ ನೀವೇ ಇಡಿ, ಚಿಕ್ಕಪ್ಪ.”

ಬೂಬ ಎದ್ದು ಮುಂಡಿನ ಮಣ್ಣು ಕೊಡವಿದ. ಇಡಲು ಅವನು ತಯಾರೇ ಇದ್ದ. ಆದರೆ ಅತ್ತಿಗೆ ಕಿನ್ನಿ ಒಪ್ಪಬೇಕಲ್ಲ! ಬೆಳಗ್ಗಿನಿಂದ ಅವಳದು ಒಂದೇ ಹಟ. ಇರುವವನು ಒಬ್ಬನೇ ಮಗ, ಅವನೇ ಇಡಬೇಕು, ಇಲ್ಲವಾದರೆ ಗಂಡನ ಹೆಣ ಅಂಗಳದಲ್ಲೇ ಇರಲಿ. ವಾಮಂಜೂರಿನ ಆ ಮನೆಯ ಕೆಳಗಿನ ಗದ್ದೆಯಲ್ಲಿ ಮಾವಿನ ಮರ ಕಡಿದು ಚಿತೆ ಒಟ್ಟಿ ಆಗಿತ್ತು. ಅರುವತ್ತೇಳನೇ ಇಸವಿಯ ಮಾರ್ಚ್ ತಿಂಗಳ ಬಿಸಿಲು. ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ಹೊಲಿದು ಕೊಟ್ಟ ಹೆಣ. ಅದು ಎಷ್ಟು ಹೊತ್ತು ಕಾದೀತು?

ನೋಣಯ್ಯ ರೋಗ ಬಂದು ಸತ್ತವನಲ್ಲ. ಬಂದರಿನ ಗೋದಾಮಿನಲ್ಲಿ ಮೂಟೆ ಹೊರುವ ಎರಡು ಗುಂಪುಗಳಿಗೆ ಜಗಳ ಹತ್ತಿತ್ತು. ಬಿಡಿಸಲು ನಡುವೆ ಹೋದ ನೋಣಯ್ಯನ ತಲೆಗೆ ಒಬ್ಬ ಗಾಡಿಯ ಗೂಟದಿಂದ ಬಾರಿಸಿದ. ಒಂದು ಪೆಟ್ಟಿಗೆ ಬೀಳಲಿಲ್ಲವೆಂದು ಇನ್ನೊಂದು, ಮತ್ತೊಂದು. ಎರಡು ಮೂಟೆ ಒಟ್ಟಿಗೆ ಎತ್ತುವ ಆಳು, ಎರಡೂ ಕೈ ಕೆಳಗೆ ಬಿಟ್ಟುಕೊಂಡು ನಿಂತು ತಿಂದನಂತೆ. ಬಂದರಿನಿಂದ ಬಂದವರು ಜಗಲಿಯಲ್ಲಿ ಕುಳಿತು ಅದನ್ನೇ ಆಡುತ್ತಿದ್ದರು. ಇದೇನು ಹೊಸತಲ್ಲ, ಯಾರು ಹೊಡೆದರೂ ತಿನ್ನುವವನೇ ಅವನು, ಹೆಂಡದಂಗಡಿಯಲ್ಲಿ ಚಿಳ್ಳೆಗಳು ಕೂಡ ಅವನ ಕೆನ್ನೆಗೆ ಹೊಡೆದು ಪಂಥ ಗೆಲ್ಲುತ್ತಿದ್ದವು ಎಂದು ಒಬ್ಬ ನಕ್ಕೂಬಿಟ್ಟ.

ಅಂಥ ಒಂದು ಪೆಟ್ಟನ್ನು ಗುಣಪಾಲನೂ ಕಣ್ಣಾರೆ ಕಂಡಿದ್ದ. ಮೀನು ಮಾರ್ಕೆಟಿನ ಎದುರು ಯಾವನೋ ಲಾರಿಯವನು ಅಪ್ಪನ ಮುಖಕ್ಕೆ ಚಪ್ಪಲಿಯಲ್ಲಿ ಹೊಡೆದಾಗ, ಅಪ್ಪ ರಕ್ತ ಉಗುಳಿ ಸುಮ್ಮನೆ ಮೂಟೆಗೆ ಬೆನ್ನು ಕೊಟ್ಟಿದ್ದ. ಅಂದಿನಿಂದ ಗುಣಪಾಲ ಆ ದಾರಿಯಲ್ಲೇ ಹೋಗುತ್ತಿರಲಿಲ್ಲ. ಬಿಜೈಯಲ್ಲಿ ಕೋಣೆ ಹಿಡಿದು, ಅಲ್ಲಿನ ಬೀಡಿ ಬ್ರಾಂಚಿನಲ್ಲಿ ಎಡಗೈಯಲ್ಲಿ ಕಟ್ಟು ಎಣಿಸಿಕೊಂಡಿದ್ದ. ಬಲಗೈ ಮೊಣಕೈಯ ಹತ್ತಿರ ಸೊಟ್ಟಗೆ ಮಡಚಿಕೊಂಡು ನಿಂತದ್ದು ಮತ್ತೆ ನೆಟ್ಟಗಾಗಿರಲಿಲ್ಲ. ಅದು ಅಪ್ಪ ಮುರಿದ ಕೈ.

* * *

ಒಂಬತ್ತು ವರ್ಷದ ಹಿಂದಿನ ಮಾತು. ರಾಜ್ಯ ಒಂದಾದ ಮೇಲೆ ಮೈಸೂರು ಕಡೆಯಿಂದ ಗುಣಪಾಲನ ಶಾಲೆಗೆ ಹೊಸ ಡ್ರಿಲ್ ಮಾಸ್ತರು ಬಂದರು, ಕೆಂಪರಾಜಯ್ಯ ಎಂದು. ಹುಡುಗನ ಕುತ್ತಿಗೆ, ಭುಜ ನೋಡಿದ್ದೇ ತಡ, ಅವನನ್ನು ಶಾಲೆಯ ಕುಸ್ತಿ ಟೀಮಿಗೆ ಸೇರಿಸಿಕೊಂಡರು. ಆದರೆ ಅವನು ಆಗಲೇ ಬಂದರಿನಲ್ಲಿ ಅಹ್ಮದ್ ಬಾವ ನಡೆಸುತ್ತಿದ್ದ ಯುವಕರ ಕ್ಲಬ್ಬಿನಲ್ಲಿ ಕುಸ್ತಿ ಕಲಿಯುತ್ತಿದ್ದ. ಸೇರಿಸಿದವನು ಅಪ್ಪನೇ. ಸಂಜೆ ಕೆಲಸ ಬಿಟ್ಟ ಮೇಲೆ ನೋಣಯ್ಯ ಮಣ್ಣಿನ ಅಖಾಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮಗ ಒಬ್ಬೊಬ್ಬನನ್ನು ಚಿತ್ ಮಾಡುವಾಗ ತೊಡೆ ಚಪ್ಪರಿಸುತ್ತಿದ್ದ.

ಒಂದು ದಿನ ಮಾಸ್ತರು ಖಡಾಖಂಡಿತ ಹೇಳಿದರು. “ನೋಡಪ್ಪಾ, ಸ್ಕೂಲ್ ಟೀಮೋ, ಆ ಗರಡಿಯೋ? ಎರಡು ದೋಣೀಲಿ ಕಾಲಿಡ್ಬೇಡ. ಬರೋದಾದ್ರೆ ಗರಡಿ ಬಿಟ್ಟು ಬಾ. ಅಲ್ಲಿರೋರೆಲ್ಲ ಪೋಕರಿಗಳು.”

ಘಟ್ಟದ ಮೇಲೆ ಗರಡಿಯೆಂದರೆ ಕುಸ್ತಿಮನೆ. ಘಟ್ಟದ ಕೆಳಗೆ ಗರಡಿಯೆಂದರೆ ಬೈದೆರುಗಳೆಂಬ ಅವಳಿ ವೀರರು ನೆಲೆನಿಂತ ದೈವಸ್ಥಾನ, ಕೈಮುಗಿದು ಒಳಗೆ ಹೋಗುವ ಜಾಗ. ಕುಸ್ತಿ ಕಲಿಯುವಲ್ಲಿಗೆ ಬಂದರಿನವರು ಹೇಳುತ್ತಿದ್ದುದು ತಾಲೀಮು ಎಂದು. ಗುಣಪಾಲ ಮೊದಲು ತಬ್ಬಿಬ್ಬಾದ, ಆಮೇಲೆ ಅರ್ಥ ಮಾಡಿಕೊಂಡ, ಕೊನೆಗೆ ಆ ಮಾತಿಗೇ ಮರುಳಾದ. ಮಾಸ್ತರರ ಮಾತು ತನ್ನ ಬಾಯಲ್ಲಿ ಬಂದರೆ ಹದಿನಾರರ ಹುಡುಗನಿಗೆ ಅದೊಂದು ಗತ್ತು.

ಅವನು ಶಾಲೆಯನ್ನೇ ಆರಿಸಿದ. ಟೀಮಿನಲ್ಲಿ ಗೆದ್ದರೆ ಮೈಸೂರಿನವರೆಗೆ ಹೋಗಬಹುದಿತ್ತು. ಬಾವನ ಹತ್ತಿರ ಹೇಳಿದಾಗ ಬಾವನ ಮುಖ ಸಣ್ಣದಾಯಿತು, ಆದರೂ ಬೆನ್ನು ತಟ್ಟಿ ಕಳಿಸಿದ. ಅಪ್ಪನಿಗೆ ಹೇಳುವುದೇನು ಕಷ್ಟ? ತಾಲೀಮು ಬಿಡುತ್ತೇನೆ, ಟೀಮಿಗೆ ಸೇರುತ್ತೇನೆ ಎಂದಿದ್ದರೆ ನೋಣಯ್ಯ ಊರಿಡೀ ಹೇಳಿಕೊಂಡು ಬರುತ್ತಿದ್ದ.

ಅದೇ ವಾರ ನೆರೆಮನೆಯ ಹುಡುಗನೊಬ್ಬ ಶಾಲೆಗೆ ಹೋಗಿ ಹೋಗಿ ದೈವ ದೇವರು ಎಲ್ಲ ಸುಳ್ಳು ಎಂದಿದ್ದನೆಂಬ ಗುಲ್ಲು ಎದ್ದಿತ್ತು. ನೋಣಯ್ಯನ ತಲೆಯಲ್ಲಿ ಅದು ಕೊರೆಯುತ್ತಿತ್ತು. ಆಗ ಮಗ ಬಂದು ಎದುರು ನಿಂತ.

“ಅಪ್ಪ, ನಾನು ಗರಡಿ ಬಿಡ್ತೇನೆ.”

“ಎಂತ ಹೇಳಿದೆ?”

“ಗರಡಿ ಬಿಡ್ತೇನೆ. ಮಾಸ್ತರ್ರು ಹೇಳಿದ್ರು. ಅಲ್ಲಿರುವುದೆಲ್ಲ ಪೋಕ್ರಿಗಳಂತೆ.”

ಇದೇ ಮಗನಿಗೆ ಮೂರನೆಯ ವರ್ಷದಲ್ಲಿ ವಿಷಮಶೀತ ಜ್ವರ ಬಂದಾಗ ನೋಣಯ್ಯ ಊರಿನ ಬೈದೆರುಗಳ ಗರಡಿಯ ಮೆಟ್ಟಿಲಲ್ಲಿ ಹಣೆ ಚಚ್ಚಿಕೊಂಡು ಬೇಡಿ ಉಳಿಸಿಕೊಂಡಿದ್ದ. ಗೋಡೆಗೆ ಒರಗಿಸಿದ್ದ ಒನಕೆ ಅವನ ಕೈಗೆ ಬಂದದ್ದು ಹೇಗೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. ಮೊದಲ ಪೆಟ್ಟು ಭುಜಕ್ಕೆ. ತಡೆಯಲು ಬಂದ ಕಿನ್ನಿಯನ್ನು ಒದ್ದ; ಅವಳು ಹೊಸಿಲಿಗೆ ಬಡಿದು ಬಿದ್ದಳು. “ಬೈದೆರುಗಳು ಪೋಕ್ರಿಗಳಾ? ನಿನ್ನನ್ನು ಬದುಕಿಸಿದವರು ಪೋಕ್ರಿಗಳಾ?” ಎಂದು ಎರಡನೆಯದು ತಲೆಗೆ ಬೀಸಿದ. ಹುಡುಗ ಬಲಗೈ ಅಡ್ಡ ಹಿಡಿದ. ಹಸಿ ಕೊಂಬೆ ಮುರಿದಂತೆ ಕೇಳಿಸಿತು.

ಆಗ ಹುಡುಗನಿಗೆ ಅರ್ಥವಾಯಿತು. “ತಾಲೀಮು, ಅಪ್ಪ,” ಎಂದು ಕಿರುಚಿದ. “ಗರಡಿ ಅಲ್ಲ. ಬಾವನ ತಾಲೀಮು.”

ಒನಕೆ ಮೇಲಕ್ಕೆತ್ತಿದಲ್ಲೇ ನಿಂತಿತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಕೈ ಕೂಡಿದ್ದು ಸೊಟ್ಟಗೆ. ಅಪ್ಪ ಒಂದು ಮಾತು ಆಡಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ.

* * *

ಅಹ್ಮದ್ ಬಾವ ಅಂಗಳಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮುದುಕ ಬಂದರಿನಿಂದ ಬಸ್ಸಿನಲ್ಲಿ ಬಂದು, ಗದ್ದೆಯ ಕಿರಿದಾದ ಹುಣಿಯ ಮೇಲೆ ಉಬ್ಬಸ ಪಡುತ್ತ ನಡೆದಿದ್ದ. ಹೆಣದ ಬದಿಯಲ್ಲಿ ನಿಂತು, ಒಡೆದ ತಲೆಯನ್ನು ಬಹಳ ಹೊತ್ತು ನೋಡಿದ. ಬೂಬ ಅವನಿಗೆ ಎಲ್ಲ ಹೇಳಿದ, ಮಗ ಕೊಳ್ಳಿ ಇಡುವುದಿಲ್ಲವೆಂಬುದನ್ನೂ.

“ಇಟ್ರೆ ಯಾರಿಗೆ ಇಡುವುದು, ಉಸ್ತಾದ್?” ಎಂದ ಗುಣಪಾಲ. “ಮನೆಯಲ್ಲಿ ಹುಲಿ, ಬಂದರಿನಲ್ಲಿ ಇಲಿ. ಮಗನಿಗೆ ಹೊಡೀಲಿಕ್ಕೆ ಮಾತ್ರ ಕೈ ಇದ್ದದ್ದು ಇವರಿಗೆ.”

ಬಾವ ಜಗಲಿಯ ಅಂಚಿನಲ್ಲಿ ಕುಳಿತು, ಉಸಿರು ಸಮ ಮಾಡಿಕೊಂಡು ಹೇಳಿದ. ಕೈ ಮುರಿದ ಮರುದಿನ ನೋಣಯ್ಯ ತಾಲೀಮಿಗೆ ಬಂದಿದ್ದ. ಹುಡುಗರನ್ನೆಲ್ಲ ಹೊರಗೆ ಕಳಿಸು ಎಂದ. ಅಖಾಡದ ಮಣ್ಣಿನಲ್ಲಿ ಬೋರಲು ಮಲಗಿ, ಬಲಗೈ ಬೆನ್ನ ಮೇಲೆ ತಂದಿಟ್ಟು, ಇದನ್ನು ಮುರಿ ಎಂದ. ಬಾವ ಆಗುವುದಿಲ್ಲ ಎಂದಾಗ ಕಾಲು ಹಿಡಿದ, ಅಮ್ಮ ಅಕ್ಕ ಎಂದು ಬೈದ. ಕೊನೆಗೆ ಮಣ್ಣನ್ನೇ ಬಾಯಿಗೆ ತುಂಬಿಕೊಂಡು ಅತ್ತ.

“ನನ್ನ ಮಣ್ಣಿನಲ್ಲಿ ಆಣೆ ಹಾಕಿದ್ದು ಅವನು,” ಎಂದ ಬಾವ. “ಮಗನ ಕೈ ಏಳುವುದಿಲ್ಲ, ಇನ್ನು ನನ್ನದೂ ಯಾರ ಮೇಲೂ ಏಳುವುದಿಲ್ಲ, ಸತ್ತರೂ ಇಲ್ಲ ಅಂತ. ಅವ ಇಲಿ ಅಲ್ಲ ಮಾರಾಯ.”

ಗುಣಪಾಲ ಹಾರಿ ಬಂದು ಮುದುಕನ ಅಂಗಿಯನ್ನು ಹಿಡಿದು ಎಬ್ಬಿಸಿದ. ಕುಲುಕಿದ ಹೊಡೆತಕ್ಕೆ ಬಾವನ ಟೊಪ್ಪಿ ಬಿತ್ತು. ಒಂಬತ್ತು ವರ್ಷ ತನಗೆ ಯಾಕೆ ಹೇಳಲಿಲ್ಲ, ಬಂದರಿನ ನಾಯಿಗಳೆಲ್ಲ ಕಚ್ಚುವಾಗ ನೋಡಿಕೊಂಡು ಯಾಕೆ ಕೂತಿರಿ ಎಂದು ಕೇಳಿದ. ಬಿಡಿಸಲು ಬಂದವರನ್ನು ಬಾವನೇ ಕೈಸನ್ನೆಯಲ್ಲಿ ತಡೆದ.

“ಹೇಳಬಾರದು ಅಂತ ನನ್ನಿಂದಲೂ ಮಾತು ತಕ್ಕೊಂಡಿದ್ದ. ನಿನ್ನ ಮುಖ ನೋಡ್ಲಿಕ್ಕೆ ಧೈರ್ಯ ಇರ್ಲಿಲ್ಲ ಅವನಿಗೆ. ಅದೊಂದರಲ್ಲಿ ಇಲಿಯೇ.”

ಗುಣಪಾಲ ಅಂಗಿ ಬಿಟ್ಟ. ಟೊಪ್ಪಿ ಹೆಕ್ಕಿ ಕೊಟ್ಟ. ಆಮೇಲೆ ಹೆಣದ ತಲೆಯ ಕಡೆಗೆ ಹೋಗಿ ನಿಂತು, ಎತ್ತಿ ಎಂದ.

ಕೊಳ್ಳಿ ಇಟ್ಟ. ಅವನ ಸಿಟ್ಟೇನೂ ಆರಿರಲಿಲ್ಲ, ಈಗ ಅದಕ್ಕೆ ಅಳುವೂ ಸೇರಿಕೊಂಡಿತ್ತು. ಬೆಂಕಿ ಹತ್ತಿದ ಮೇಲೆ ಪದ್ಧತಿಯಂತೆ ನೆಂಟರು ಹಿಂದೆ ನೋಡದೆ ಹೊರಟರು. ಗುಣಪಾಲ ಹೊರಡಲಿಲ್ಲ. ಬಾವನೂ ಹುಣಿಯ ಮೇಲೆ ಕೂತೇ ಇದ್ದ.

ಬೆಂಕಿ ಎದೆಯವರೆಗೆ ಬಂದಾಗ ಸೌದೆ ಸರಿಯಿತು. ಕಾವಿಗೆ ನರ ಸೆಳೆದು, ನೋಣಯ್ಯನ ಬಲಗೈ ಮೆಲ್ಲಗೆ ಮೇಲೆದ್ದಿತು. ಸುಡುವಾಗ ಹಾಗೆ ಏಳುವುದುಂಟು. ಚಿತೆ ನೋಡಿಕೊಳ್ಳುವ ಮುದ್ದುವಿಗೆ ಅದು ಹೊಸತಲ್ಲ. ಹೊಡೆದು ಮಲಗಿಸಲು ಅವನು ಹಸಿ ಬಿದಿರನ್ನು ಎತ್ತಿದ.

ಬಿದಿರು ಕೆಳಗೆ ಬರುವ ಮೊದಲೇ ಗುಣಪಾಲ ಅದನ್ನು ಹಿಡಿದ. ಮುದ್ದು ಎಳೆದ, ಬೈದ, ಮತ್ತೂ ಎಳೆದ. ಇವನು ಬಿಡಲಿಲ್ಲ.

“ಹೊಡೀಬೇಡಿ,” ಎಂದ. “ಇರ್ಲಿ. ಎತ್ತಲಿ.”

ಉರಿಯ ನಡುವೆ ಆ ಕೈ ಮುಷ್ಟಿ ಕಟ್ಟಿಕೊಂಡು, ಬೀಳಲಿರುವ ಪೆಟ್ಟನ್ನು ತಡೆಯುವಂತೆ, ತಲೆಗೆ ಅಡ್ಡವಾಗಿ ನಿಂತಿತು.