ಹತ್ತಕ್ಕೆ ಒಂಬತ್ತು

ಕರೆದರೆ ತಿರುಗಿ ನೋಡುವುದು ರಾಣಿಗೆ ಗೊತ್ತಿರಲಿಲ್ಲ. ಮೂರು ತುಂಬಿದಾಗ ಬಾಯಲ್ಲಿದ್ದದ್ದು ನಾಲ್ಕೇ ಮಾತು: ಅವ್ವ, ನೀರು, ಬಾ, ಬೆಲ್ಲ.

2007ರ ಮಾತು. ಬೈಲಹೊಂಗಲಕ್ಕೆ ಮಾತಾಡುವ, ಕಣ್ಣಲ್ಲಿ ದೀಪ ಹೊತ್ತುವ ಯಂತ್ರದ ಗೊಂಬೆ ಬರುತ್ತದೆ, ಅದು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತದೆ, ತಿರುಗಿ ನೋಡದವರಲ್ಲಿ ಏನೋ ಐಬಿದೆಯೆಂದು ಡಾಕ್ಟರು ಬರೆದುಕೊಳ್ಳುತ್ತಾರೆ ಎಂದು ಮನೋಳಿಯ ಅಂಗನವಾಡಿಯ ಬಾಯವ್ವ ಹೇಳಿಹೋದಳು. ರಾಣಿಯ ಅಪ್ಪ ಮಾಂತೇಶ ಇದನ್ನು ಪರೀಕ್ಷೆ ಎಂದುಕೊಂಡ. ಊರವರ ಹೋರಿಗಳನ್ನು ಗಾಡಿಗೆ ಪಳಗಿಸಿಕೊಡುವುದು ಅವನ ಕಸುಬು. ಹೆಸರು ಕೂಗುವುದು, ಹೊರಳಿದರೆ ಬೆಲ್ಲ ಕೊಡುವುದು. ಮಗಳಿಗೂ ಅದನ್ನೇ ಮಾಡಿದ. ಗೊಂಬೆಯ ಬದಲಿಗೆ ಎಣ್ಣೆ ಡಬ್ಬಿಯ ಮೇಲೆ ಬ್ಯಾಟರಿ ದೀಪ ಹಚ್ಚಿಟ್ಟು ‘ರಾಣಿ’ ಎನ್ನುವನು, ಅವಳ ಗದ್ದ ಹಿಡಿದು ಅತ್ತ ತಿರುಗಿಸುವನು, ಅಂಗೈಗೆ ಬೆಲ್ಲದ ಚೂರು ಹಾಕುವನು. ಇಪ್ಪತ್ತು ದಿನಕ್ಕೆ ಹುಡುಗಿ ತಾನೇ ಹೊರಳತೊಡಗಿದಳು. ಬೆಲ್ಲ ಕುಟ್ಟಿಕೊಟ್ಟವಳು ತಾಯಿ ಬೀರವ್ವ.

ಐಬು ಈಗಲೇ ಸಿಕ್ಕರೆ ಪುಕ್ಕಟೆಯಾಗಿ ಮಾತು ಕಲಿಸುತ್ತೇವೆ, ತಡವಾದಷ್ಟೂ ಕಷ್ಟ ಎಂದು ಬೈಲಹೊಂಗಲದ ಶಿಬಿರದಲ್ಲಿ ಡಾಕ್ಟರ್ ಸಪ್ನಾ ಹೇಳಿದಾಗ ಬೀರವ್ವ ಗಂಡನತ್ತ ನೋಡಿದಳು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ, ಹೆತ್ತವರು ಸದ್ದು ಮಾಡಬಾರದೆಂದು ಇಬ್ಬರನ್ನೂ ಗೋಡೆಯ ಬದಿಗೆ ಕೂರಿಸಿದರು.

ಮೊಣಕಾಲೆತ್ತರದ ಬಿಳಿ ಗೊಂಬೆ ಕಣ್ಣಲ್ಲಿ ದೀಪ ಹೊತ್ತಿಸಿಕೊಂಡು ‘ರಾಣಿ’ ಎಂದಿತು. ರಾಣಿ ಹೊರಳಿದಳು, ಅಂಗೈ ಚಾಚಿದಳು. ಮತ್ತೆ ಕರೆಯಿತು, ಮತ್ತೆ ಅಂಗೈ. ಗೊಂಬೆ ಎಣಿಸುತ್ತಿದ್ದದ್ದು ಕತ್ತು ತಿರುಗಿದ್ದನ್ನು ಮಾತ್ರ. ಹತ್ತಕ್ಕೆ ಒಂಬತ್ತು. ಗೊಂಬೆಗೂ ಇವಳಿಗೂ ದೋಸ್ತಿಯಾಯಿತು ಎಂದು ಸಪ್ನಾ ನಕ್ಕು, ಐಬಿಲ್ಲವೆಂದು ಚೀಟಿ ಬರೆದಳು.

“ಡಾಕ್ಟರ್ ಬಾಯಾರ, ಆಕಿ ಗೊಂಬಿ ನೋಡಿಲ್ರಿ. ಬೆಲ್ಲಾ ಬೇಡಾಕತ್ತಾಳ,” ಎಂದಳು ಬೀರವ್ವ. “ನಾವ ಕಲಿಸೇವ್ರಿ.”

“ಮಗಳು ಶಾಣ್ಯಾಕಿ ಆದ್ರೂ ಇಕಿ ಅಳಬೇಕ್ರಿ,” ಎಂದ ಮಾಂತೇಶ, ಹೆಂಡತಿಯತ್ತ ಕೈಮಾಡಿ. ಸುತ್ತಲಿದ್ದವರು ನಕ್ಕರು. ಹೊರಗೆ ಇನ್ನೂ ನಲವತ್ತು ಮಕ್ಕಳು ಸಾಲುಗಟ್ಟಿದ್ದರು. ಸಪ್ನಾ ಮುಂದಿನ ಹೆಸರು ಕೂಗಿದಳು.

ಮರುವಾರ ಬೀರವ್ವ ಒಬ್ಬಳೇ ಬಸ್ಸು ಹತ್ತಿ ಹೋದಳು. ಶಿಬಿರ ನಡೆದ ಕೋಣೆಯಲ್ಲಿ ಹುಡುಗರು ಮಗ್ಗಿ ಹೇಳುತ್ತಿದ್ದರು. ಗೊಂಬೆ ಎಲ್ಲಿಗೆ ಹೋಯಿತೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

2010ರಲ್ಲಿ ಬೆಳಗಾವಿಯ ಡಾಕ್ಟರು ಅರ್ಧ ತಾಸು ನೋಡಿ ಆಟಿಸಂ ಎಂದರು. ಇಷ್ಟು ದಿನ ಎಲ್ಲೂ ತೋರಿಸಲಿಲ್ಲವೇ ಎಂದು ಕೇಳಿದರು. ಮಾಂತೇಶ ಕಿಸೆಯಿಂದ ಆ ಚೀಟಿ ತೆಗೆದು ಮುಂದಿಟ್ಟ. ಡಾಕ್ಟರು ಓದಿ, ಮಡಚಿ, ತಿರುಗಿ ಕೊಟ್ಟರು.

ಅಷ್ಟೊತ್ತಿಗೆ ರಾಣಿಯ ಬಾಯಲ್ಲಿ ಉಳಿದದ್ದು ಬೆಲ್ಲ ಎಂಬುದೊಂದೇ. ಹೋದದ್ದು ಮೂರು ಮಾತು, ಮೂರು ವರ್ಷ.