ಟಿಫಿನ್ ಡಬ್ಬಿಯ ಗುಡುಗು

ಮೊದಲೇ ಹೇಳಿಬಿಡುತ್ತೇನೆ, ಆ ಡಬ್ಬಿಯನ್ನು ಮಾಡಿದವಳು ನಾನು. ಕಾನಹೊಸಹಳ್ಳಿಯಲ್ಲಿ ಈಗ ಅದರ ಬಗ್ಗೆ ಬಾಯಿಗೊಂದು ಮಾತು ನಡೆದಿದೆ. ದಾವಣಗೆರೆಯಿಂದ ತರಿಸಿದ್ದು ಎನ್ನುವವರಿದ್ದಾರೆ, ಫಾರಿನ್ ಮಾಲು ಎನ್ನುವವರೂ ಇದ್ದಾರೆ. ಎಲ್ಲ ಸುಳ್ಳು. ಅದು ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಓದುವಾಗ ಬುತ್ತಿ ಒಯ್ಯುತ್ತಿದ್ದ ಸ್ಟೀಲಿನ ಟಿಫಿನ್ ಡಬ್ಬಿ. ಅದರೊಳಗೆ ಇರುವುದು ಕೆಟ್ಟು ಕೂತಿದ್ದ ನಮ್ಮ ತಾತನ ರೇಡಿಯೊ.

ಇದೆಲ್ಲ ಶುರುವಾದದ್ದು ಜಗಳದಿಂದ. ನನ್ನ ವಿಷಯಗಳು ಹೆಚ್ಚಾಗಿ ಹಾಗೇ ಶುರುವಾಗುತ್ತವೆ.

ನಮ್ಮ ಅಪ್ಪ ಗಂಗಪ್ಪ ಹಲಗೆ ಬಾರಿಸುತ್ತಾನೆ, ಆದರೆ ವರ್ಷಕ್ಕೊಮ್ಮೆ ಮಾತ್ರ, ಬಾಬಾಸಾಹೇಬರ ಜಯಂತಿಯ ದಿನ. ತಾತನ ಕಾಲದಲ್ಲಿ ಊರಿನವರು ಕರೆದ ಕಡೆಗೆಲ್ಲ ಹೋಗಬೇಕಿತ್ತು. ಸಾವಿರಲಿ, ಡಂಗುರವಿರಲಿ, ಒಲ್ಲೆ ಅನ್ನುವ ಹಾಗಿರಲಿಲ್ಲ. ಅಪ್ಪನಿಗೆ ಪಂಚಾಯಿತಿಯಲ್ಲಿ ವಾಟರ್‌ಮನ್ ಕೆಲಸ ಸಿಕ್ಕಮೇಲೆ ಆ ಕರೆಗಳಿಗೆಲ್ಲ ಒಲ್ಲೆ ಅಂದ. ಹಲಗೆಗೆ ಮಾತ್ರ ಒಲ್ಲೆ ಅನ್ನಲಿಲ್ಲ. ಯಾರೋ ಕರೆದಾಗ ಬಾರಿಸುವುದಿಲ್ಲ, ತನಗೆ ಬೇಕಾದಾಗ ಬಾರಿಸುತ್ತೇನೆ ಎನ್ನುವುದು ಅವನ ಮಾತು. ಜಯಂತಿಯ ದಿನ ಮೆರವಣಿಗೆ ಮುಗಿದ ಮೇಲೆ ವೇದಿಕೆ ಹತ್ತಿ ಅವನು ಬಾರಿಸಿದರೆ ಕೇರಿಯ ಮುದುಕರೂ ಕೂತಲ್ಲಿ ಕೂರುವುದಿಲ್ಲ. ಅದು ನಮ್ಮ ಮನೆಯ ಹಬ್ಬ.

ಈ ವರ್ಷ ಜಯಂತಿ ಕಮಿಟಿಗೆ ನನ್ನ ಚಿಕ್ಕಪ್ಪನ ಮಗ ಮಾರೇಶ್ ಮುಂದಾಳು. ಬಸ್ಸಿನಲ್ಲಿ ಕಂಡಕ್ಟರ್, ಮಾತಿನಲ್ಲಿ ಮಂತ್ರಿ. ಈ ಸಲ ವೇದಿಕೆಗೆ ಡಿಜೆ ಎಂದು ಅವನೇ ತೀರ್ಮಾನ ಮಾಡಿದ. ಮಾಲೆ ಹಾಕುವಾಗ ದೊಡ್ಡಪ್ಪ ನಾಲ್ಕು ಪೆಟ್ಟು ಬಾರಿಸಲಿ, ಅಲ್ಲಿಗೆ ಸಾಕು ಎಂದು ಬಂದು ಹೇಳಿಯೂ ಹೋದ. ಅಪ್ಪ ಒರೆಸುತ್ತಿದ್ದ ಹಲಗೆಯನ್ನು ಗೂಟಕ್ಕೆ ನೇತುಹಾಕಿ ನೀರು ಬಿಡಲು ಹೋದ. ಅವನು ಬೈದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಮಾರೇಶನನ್ನು ಬಸ್ ಸ್ಟ್ಯಾಂಡಿನಲ್ಲೇ ಹಿಡಿದೆ. ಹುಡುಗರಿಗೆ ಎದೆಗೆ ಗುದ್ದುವ ಸೌಂಡ್ ಬೇಕು, ಬರೀ ಹಲಗೆಗೆ ಯಾರೂ ನಿಲ್ಲುವುದಿಲ್ಲ ಎಂದ. ಕೋರ್ಸು ಓದುವಾಗ ಕಲಿತ ಎಲೆಕ್ಟ್ರಿಕ್ ಗಿಟಾರನ್ನು ಹಲಗೆಯ ಜೊತೆ ನುಡಿಸುತ್ತೇನೆ ಎಂದೆ. ಅದಕ್ಕೆ ಅವನು ನಕ್ಕುಬಿಟ್ಟ.

"ನಿಂದು ಟಿಂಗ್ ಟಿಂಗ್ ಅಂತೈತಿ ಅಕ್ಕ. ಐಸ್‌ಕ್ಯಾಂಡಿ ಗಾಡಿ ಬಂತು ಅನ್ಕಂತಾರ ಜನ."

ನನಗೆ ತಲೆ ಕೆಟ್ಟಿತು. ಡಿಜೆಗೆ ಮೊದಲು ಒಂದೇ ಒಂದು ಹಾಡಿಗೆ ಜಾಗ ಕೊಡು, ಜನ ಎದ್ದುಹೋದರೆ ಈ ವರ್ಷವಲ್ಲ, ಯಾವ ವರ್ಷವೂ ವೇದಿಕೆಯ ಮೇಲೆ ಹಲಗೆಯ ಸುದ್ದಿ ಎತ್ತುವುದಿಲ್ಲ ಎಂದು ಮಾತು ಕೊಟ್ಟುಬಂದೆ. ಮನೆಗೆ ಬಂದ ಮೇಲೆ ಹೊಳೆಯಿತು, ಸೋತರೆ ಹೋಗುವುದು ನನ್ನ ಗಿಟಾರ್ ಅಲ್ಲ, ಅಪ್ಪನ ಹಲಗೆ. ಅಪ್ಪನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ, "ಮಾತು ಕೊಟ್ಟೀಯಲ್ಲ, ಇನ್ನ ಬಾರಸಾಣ" ಎಂದಷ್ಟೇ ಹೇಳಿ ಗೂಟದಿಂದ ಹಲಗೆ ಇಳಿಸಿದ.

ಮಾರೇಶ್ ಹೇಳಿದ್ದು ಪೂರ್ತಿ ಸುಳ್ಳೇನೂ ಅಲ್ಲ. ಅಪ್ಪನ ಪಕ್ಕ ಕೂತು ನುಡಿಸಿ ನೋಡಿದೆ. ಅವನ ಕೈ ಬಿದ್ದ ಕೂಡಲೇ ನನ್ನ ತಂತಿಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಗಿಟಾರಿನ ದನಿ ಹಲಗೆಯ ಪಕ್ಕ ನಿಲ್ಲಬೇಕೆಂದರೆ ಅದನ್ನು ಒರಟು ಮಾಡಬೇಕು, ಹರಿದು ಗುಡುಗುವಂತೆ ಮಾಡಬೇಕು. ಅದಕ್ಕೆಂದೇ ಕಾಲಲ್ಲಿ ಒತ್ತುವ ಡಿಸ್ಟಾರ್ಷನ್ ಪೆಡಲ್ ಎಂಬ ಪೆಟ್ಟಿಗೆ ಬರುತ್ತದೆ. ಗಿಟಾರ್ ಮತ್ತು ಸೌಂಡ್ ಬಾಕ್ಸಿನ ನಡುವೆ ಅದನ್ನು ಸಿಕ್ಕಿಸಬೇಕು. ಅಂಗಡಿಯದನ್ನು ಕೊಳ್ಳೋಣವೆಂದರೆ ಆಸ್ಪತ್ರೆಯ ಲ್ಯಾಬಿನಿಂದ ಬರುವ ನನ್ನ ಸಂಬಳವೆಲ್ಲ ಮನೆಯ ಆರ್‌ಸಿಸಿಗೆ ಹೋಗುತ್ತಿತ್ತು. ನಾವಿನ್ನೂ ತಗಡಿನ ಕೆಳಗೇ ಇದ್ದೆವು. ಸರಿ, ಮಾಡಿಯೇ ಬಿಡೋಣ ಎಂದು ಕೂತೆ.

ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಣ್ಣು ಉರಿ ಬಂತು. ಬೇಕಾದದ್ದು ದನಿ ಹಿಗ್ಗಿಸುವ, ಕಾಳಿನಷ್ಟು ಗಾತ್ರದ ಎರಡು ಹಳೆಯ ಕಾಲದ ಟ್ರಾನ್ಸಿಸ್ಟರ್, ನಾಲ್ಕಾರು ಚಿಲ್ಲರೆ ಸಾಮಾನು, ಒಂದು ಬ್ಯಾಟರಿ. ಆ ಟ್ರಾನ್ಸಿಸ್ಟರ್ ಈಗ ಹುಡುಕಿದರೂ ಸಿಗುವುದಿಲ್ಲ. ಸಿಗುವುದು ಹಳೆಯ ರೇಡಿಯೊದಲ್ಲಿ. ಹಳೆಯ ರೇಡಿಯೊ ನಮ್ಮ ಮನೆಯಲ್ಲಿಯೇ ಇತ್ತು, ಅಜ್ಜಿಯ ತಲೆದೆಸೆಯ ಗೂಡಿನಲ್ಲಿ. ತಾತ ಹೋದಮೇಲೆ ಅದು ಹಾಡಿಲ್ಲ, ಆದರೂ ನಮ್ಮ ಅಜ್ಜಿ ಭರಮಮ್ಮ ಅದಕ್ಕೆ ಧೂಳು ಕೂರಲು ಬಿಟ್ಟವಳಲ್ಲ.

ಕೇಳಲು ಬಾಯಿ ಬರಲಿಲ್ಲ. ಕೊನೆಗೆ ಕೇಳಿದೆ. ಬಿಚ್ಚಿದರೆ ಮತ್ತೆ ಹಾಡುತ್ತದೆಯೇ ಎಂದು ಅವಳು ಕೇಳಿದಳು. ಹಾಡುವುದಿಲ್ಲ ಅಜ್ಜಿ, ಗುಡುಗುತ್ತದೆ ಎಂದೆ. ಅಜ್ಜಿ ಅದರ ಗುಂಡಿಯನ್ನು ಒಮ್ಮೆ ತಿರುವಿ ನೋಡಿ, ರೇಡಿಯೊವನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಕೊಟ್ಟೂರಿನಲ್ಲಿ ಜಂಬುನಾಥಣ್ಣ ಅಂತ ಟಿವಿ, ರೇಡಿಯೊ ರಿಪೇರಿ ಮಾಡುವವರು. ಟ್ರಾನ್ಸಿಸ್ಟರ್‌ಗಳಿಗೆ ಮೀಟರ್ ಹಚ್ಚಿ ನೋಡಿ, ಎರಡೂ ಬದುಕಿವೆ ಎಂದು ಹೇಳಿದವರು ಅವರೇ. ಬೆಸುಗೆಯ ಕಡ್ಡಿಯನ್ನೂ ಕೈಗೆ ಕೊಟ್ಟು, "ಇವು ಭಾಳ ನಾಜೂಕು ತಂಗಿ, ಶಾಖ ತಡೆಯಂಗಿಲ್ಲ. ಮುಟ್ಟಿಸಿದಂಗ ಮಾಡಿ ತೆಗಿ" ಎಂದರು. ಅದು ಬೆಸುಗೆ ಹಾಕುವಾಗಿನ ಮಾತು ಎಂದು ತಿಳಿದೆ. ಬೆಸುಗೆ ಮುಗಿದ ಮೇಲೂ ಅದು ಮುಗಿಯದ ಮಾತು ಎಂದು ಆಗ ಯಾರಿಗೆ ಗೊತ್ತು?

ಬೆರಳು ಸುಟ್ಟುಕೊಂಡೆ. ಬ್ಯಾಟರಿಯನ್ನು ಉಲ್ಟಾ ಹಾಕಿ ಒಂದು ದಿನ ಪೂರ್ತಿ ತಲೆ ಚಚ್ಚಿಕೊಂಡೆ. ಕಾಲಲ್ಲಿ ಒತ್ತುವುದಕ್ಕೆ ಆರ್‌ಸಿಸಿ ಮನೆಯ ಮೆಟ್ಟಿಲ ದೀಪಕ್ಕೆಂದು ತಂದಿಟ್ಟಿದ್ದ ಸ್ವಿಚ್ಚನ್ನೇ ಹಾಕಿದೆ. ದನಿ ಹೆಚ್ಚು ಕಮ್ಮಿ ಮಾಡಲು ತಾತನ ರೇಡಿಯೊದ ಗುಂಡಿಯೇ ಬಂತು. ಮೊದಲ ಸಲ ತಂತಿ ಸಿಕ್ಕಿಸಿ ಒತ್ತಿದಾಗ ಗಿಟಾರ್ ಗುಡುಗಲಿಲ್ಲ. ಎಲ್ಲೋ ದೂರದ ಆಕಾಶವಾಣಿಯಿಂದ ಒಬ್ಬ ಹೆಂಗಸು ಸಣ್ಣ ದನಿಯಲ್ಲಿ ವಾರ್ತೆ ಓದತೊಡಗಿದಳು. ತಂತಿಗಳು ಬಯಲಿಗೆ ಬಿದ್ದಿದ್ದರೆ ಹಾಗೆ ಸ್ಟೇಷನ್ ಹಿಡಿಯುತ್ತದೆ, ಅಷ್ಟೇ. ಆದರೆ ಅಜ್ಜಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಬಂದವಳು ಅಲ್ಲೇ ಕೂತುಬಿಟ್ಟಳು.

"ನಿಮ್ಮ ತಾತಂದು ಇನ್ನೂ ಜೀವ ಐತಿ" ಎಂದಳು.

ಎಲ್ಲವನ್ನೂ ಟಿಫಿನ್ ಡಬ್ಬಿಯೊಳಗೆ ಮುಚ್ಚಿದ ಮೇಲೆ ವಾರ್ತೆ ನಿಂತಿತು, ಗುಡುಗು ಬಂತು. ಏನು ಗುಡುಗು ಅಂತೀರಿ! ತಗಡು ನಡುಗಿ ಪಕ್ಕದ ಮನೆಯ ಕೋಳಿಗಳು ಗೋಡೆ ಹತ್ತಿದವು. ಅಪ್ಪ ಎದುರು ಕೂತು ಹಲಗೆ ಎತ್ತಿದ, ಮೊದಲ ಸಲ ನನ್ನ ದನಿ ಅವನ ಪೆಟ್ಟಿನ ಪಕ್ಕ ತಲೆ ಎತ್ತಿ ನಿಂತಿತು. ಅವತ್ತಿನಿಂದ ಅಜ್ಜಿ ಡಬ್ಬಿಯನ್ನು ಮಗುವಿನ ಹಾಗೆ ನೋಡಿಕೊಂಡಳು. ಒಂದೇ ಕಿರಿಕಿರಿ ಎಂದರೆ ರಜೆಯ ದಿನ ಮಧ್ಯಾಹ್ನ ನುಡಿಸಿದರೆ ಅದು ಸ್ವಲ್ಪ ಸೊರಗುತ್ತಿತ್ತು, ಸಂಜೆಗೆ ಸರಿಹೋಗುತ್ತಿತ್ತು. ಬ್ಯಾಟರಿಯ ದೋಷ ಎಂದುಕೊಂಡು ಹೊಸದು ಹಾಕಿದೆ.

ಜಯಂತಿ ಬಂತು. ಏಪ್ರಿಲ್ ಬಿಸಿಲು, ಕೇರಿಯ ತುಂಬ ನೀಲಿ ಬಾವುಟ. ಸಂಜೆ ನಾಲ್ಕರ ಹೊತ್ತಿಗೆ ಮೆರವಣಿಗೆ ಮುಗಿದು ಜನ ವೇದಿಕೆಯ ಮುಂದೆ ಕೂತರು. ನಮ್ಮವ್ವ ಮಾಳಮ್ಮ ಪಕ್ಕದ ಪೆಂಡಾಲಿನಲ್ಲಿ ಮಜ್ಜಿಗೆ ಹಂಚುತ್ತಿದ್ದಳು. ವೇದಿಕೆಯ ಹಿಂದೆ ಅಜ್ಜಿ ಶೇಂಗಾ ಹೊಟ್ಟು ಹಾಕಿ ಬೆಂಕಿ ಮಾಡಿ ಹಲಗೆ ಕಾಯಿಸುತ್ತಿದ್ದಳು. ಕಾಯಿಸದಿದ್ದರೆ ಚರ್ಮ ಸಡಿಲವಾಗಿ ಹಲಗೆ ನುಡಿಯುವುದಿಲ್ಲ. ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಕೆಲಸ ಅವಳದೇ, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ನಾನು ಮೈಕ್ ಸೆಟ್ಟಿನವರ ಜೊತೆ ವೈರುಗಳಲ್ಲಿ ಮುಳುಗಿದ್ದೆ. ಅಪ್ಪ ಹಲಗೆ ಹಿಡಿದು ಹತ್ತಿದ. ಅಜ್ಜಿ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ತಂದು ನನ್ನ ಕಾಲ ಬುಡದಲ್ಲಿಟ್ಟು ಇಳಿದುಹೋದಳು. ವೈರು ಸಿಕ್ಕಿಸಿದೆ. ಡಿಜೆಯವನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಮಾರೇಶ್ ಮೈಕಿನಲ್ಲಿ ಒಂದು ಹಾಡು, ಒಂದೇ ಹಾಡು ಎಂದು ಎರಡು ಸಲ ಒತ್ತಿ ಹೇಳಿದ.

ಒತ್ತಿದೆ. ಪೆಟ್ರೋಲ್ ಮುಗಿದ ಬೈಕಿನ ಹಾಗೆ ಪುರ್ ಪುರ್ ಎಂದು ಕೆಮ್ಮಿ ಡಬ್ಬಿ ಸುಮ್ಮನಾಯಿತು. ಗುಂಡಿ ತಿರುವಿದೆ, ಮತ್ತೆ ಒತ್ತಿದೆ. ಕೆಮ್ಮೂ ಇಲ್ಲ. ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆದರು, ಇಬ್ಬರು ಮೂವರು ಎದ್ದರು. ಬಗ್ಗಿ ಡಬ್ಬಿ ಮುಟ್ಟಿದೆ, ಬೆರಳು ಚುರ್ರೆಂದಿತು. ಮೆಟ್ಟಿಲ ಕೆಳಗೆ ನಿಂತಿದ್ದ ಅಜ್ಜಿಯನ್ನು ನೋಡಿದೆ.

"ಹಲಗಿ ಜೋಡಿ ಅದನ್ನೂ ಕಾಯಿಸೀನಿ. ಚಲೋ ಕಾದೈತಿ" ಎಂದಳು, ಅಷ್ಟು ಅಕ್ಕರೆಯಿಂದ.

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನುಂಗುವುದು ನನಗೆ ಅಭ್ಯಾಸವಿಲ್ಲ. ವಾದ್ಯ ಎಂದಮೇಲೆ ಕಾಯಿಸಬೇಕು, ಅವಳಿಗೆ ಗೊತ್ತಿರುವುದು ಅದೇ. ಗಂಡನ ರೇಡಿಯೊ ಮೊಮ್ಮಗಳ ಕಾಲಲ್ಲಿ ಚೆನ್ನಾಗಿ ನುಡಿಯಲಿ ಎಂದು ಮಾಡಿದ್ದಾಳೆ. ಆ ಕ್ಷಣ ಕಾದ ತಗಡಿನ ಕೆಳಗೆ ಡಬ್ಬಿಗೆ ಬರುತ್ತಿದ್ದ ಮಧ್ಯಾಹ್ನದ ಸೊರಗು ನೆನಪಾಯಿತು. ಜಂಬುನಾಥಣ್ಣನ ಮಾತೂ ನೆನಪಾಯಿತು. ಶಾಖ ತಡೆಯುವುದಿಲ್ಲ ಎಂದಿದ್ದರು. ರಕ್ತದ ಬಾಟಲಿ ಬಿಸಿಲಿಗೆ ಇಡಬೇಡಿ ಎಂದು ಆಸ್ಪತ್ರೆಯಲ್ಲಿ ದಿನಾ ಗಂಟಲು ಹರಿದುಕೊಳ್ಳುವ ನನಗೆ ಇದು ಹೊಳೆಯದೆ ಹೋಗಿತ್ತಲ್ಲ! ಸತ್ತಿಲ್ಲ, ಕಾದಿದೆ, ಅಷ್ಟೇ. ತಣ್ಣಗಾದರೆ ಏಳುತ್ತದೆ.

"ಅಪ್ಪಾ, ಇದು ತಣ್ಣಗಾಗಬೇಕು" ಎಂದೆ.

ಅಪ್ಪ ಯಾಕೆ ಎಂದು ಕೇಳಲಿಲ್ಲ. "ಹೋಗು. ಅಲ್ಲೀತನ ಒಬ್ರೂ ಏಳದಂಗ ನಾ ನೋಡ್ಕಂತೀನಿ" ಎಂದು ಹಲಗೆ ಎದೆಗೆ ಏರಿಸಿದ.

ನಾನು ಡಬ್ಬಿಯನ್ನು ಓಢಣಿಯಲ್ಲಿ ಸುತ್ತಿಕೊಂಡು ಮಜ್ಜಿಗೆ ಪೆಂಡಾಲಿಗೆ ಓಡಿದೆ. ಅವ್ವ ಗೋಣಿಚೀಲ ಸರಿಸಿ ಮಜ್ಜಿಗೆಗೆಂದು ತಂದ ಐಸಿನ ಗಡ್ಡೆಯನ್ನು ಒಡೆದು ಸ್ಟೀಲಿನ ತಟ್ಟೆಗೆ ಸುರಿದಳು. ನೀರು ಒಳಗೆ ಹೋಗದ ಹಾಗೆ ತಳ ಮಾತ್ರ ತಾಗಿಸಿ ಡಬ್ಬಿ ಕೂರಿಸಿದೆ. ಅತ್ತ ಅಪ್ಪನ ಪೆಟ್ಟು ಕೇಳುತ್ತಿತ್ತು. ಮೊದಲು ನಿಧಾನ, ಆಮೇಲೆ ಏರಿತು. ಎದ್ದವರು ಕೂತರೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ, ಆದರೆ ಸೀಟಿ ನಿಂತಿತ್ತು. ತೋಳಿಲ್ಲದ ಬನಿಯನ್ನಿನಲ್ಲಿ ನಲ್ಲಿ ತಿರುವುವ ನಮ್ಮಪ್ಪ ಒಬ್ಬನೇ ಒಂದು ಚರ್ಮದ ತುಂಡಿನಿಂದ ಇಡೀ ಊರನ್ನು ಹಿಡಿದು ನಿಲ್ಲಿಸಿದ್ದ. ನನಗೆ ಕಣ್ಣು ತುಂಬಿತು, ಯಾಕೆ ಸುಳ್ಳು ಹೇಳಲಿ.

ಡಬ್ಬಿ ತಣ್ಣಗಾಯಿತು. ತಟ್ಟೆಯ ಸಮೇತ ವೇದಿಕೆಗೆ ತಂದಿಟ್ಟು ಬರಿಗಾಲ ಹೆಬ್ಬೆರಳಿನಿಂದ ಒತ್ತಿದೆ. ಕಾಲಿಗೆ ಐಸ್ ಚುಚ್ಚಿತು, ಕೈಯಲ್ಲಿ ಗುಡುಗಿತು. ಅಪ್ಪ ತಿರುಗಿ ನೋಡಿ ಒಂದು ಪೆಟ್ಟು ಬಿಟ್ಟುಕೊಟ್ಟ, ಆ ಜಾಗಕ್ಕೆ ನಾನು ನುಗ್ಗಿದೆ. ಆಮೇಲೆ ಅವನು ಕೇಳಿದ, ನಾನು ಹೇಳಿದೆ, ನಾನು ಕೇಳಿದೆ, ಅವನು ಹೇಳಿದ. ಮುಂದಿನ ಸಾಲಿನ ಮುದುಕಿಯರು ಎದ್ದು ಕುಣಿದರು, ಹಿಂದಿನ ಹುಡುಗರು ವೇದಿಕೆಯ ಬುಡಕ್ಕೇ ಬಂದರು. ಡಿಜೆಯವನು ಕೈಕಟ್ಟಿದ್ದನ್ನು ಬಿಚ್ಚಿ ತಾಳ ಹಾಕುತ್ತಿದ್ದ.

ಹಾಡು ಮುಗಿದರೂ ಯಾರೂ ಕದಲಲಿಲ್ಲ. ಮಾರೇಶ್ ಬೆವರು ಒರೆಸಿಕೊಳ್ಳುತ್ತ ಬಂದು, ಇನ್ನೊಂದು ಬಾರಿಸು ಅಕ್ಕ, ಡಿಜೆ ಆಮೇಲೆ ನೋಡೋಣ ಎಂದ. ಐಸ್‌ಕ್ಯಾಂಡಿ ಗಾಡಿ ಬಂತೇನಲೇ ಎಂದು ಕೇಳಿದೆ. ತಟ್ಟೆಯಲ್ಲಿ ಐಸ್ ಇದ್ದದ್ದರಿಂದ ಅವನಿಗೂ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಅಪ್ಪ ಅವನ ಕೈಯಿಂದ ಮೈಕ್ ತೆಗೆದುಕೊಂಡ. ಇಷ್ಟು ವರ್ಷ ಅದೇ ವೇದಿಕೆಯ ಮೇಲೆ ಬಾರಿಸಿದವನು ಒಂದು ಸಲವೂ ಮೈಕ್ ಮುಟ್ಟಿರಲಿಲ್ಲ. ಉಸಿರು ಇನ್ನೂ ಏರಿಳಿಯುತ್ತಿತ್ತು.

"ಈ ಡಬ್ಬಿ ಅಂಗಡ್ಯಾಗ ತಂದಿದ್ದಲ್ರಿ" ಎಂದ. "ನನ್ನ ಮಗಳು ಸಮತಾ ಮಾಡ್ಯಾಳ."

ಜನ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಮೆಟ್ಟಿಲ ಕೆಳಗಿನಿಂದ ಅಜ್ಜಿ ಕೈ ಬೀಸಿ ಏನೋ ಹೇಳುತ್ತಿದ್ದಳು. ಅಪ್ಪ ಬಗ್ಗಿ ಕಿವಿಕೊಟ್ಟ. ಮತ್ತೆ ಎದ್ದು ಮೈಕ್ ಬಾಯಿಗೆ ಹಿಡಿದ.

"ಒಳಗಿರೋ ರೇಡಿಯೊ ನಮ್ಮಪ್ಪಂದಂತ. ಅದನ್ನೂ ಹೇಳು ಅಂತಾಳ ನಮ್ಮವ್ವ."

ಅಜ್ಜಿ ತಲೆಯಾಡಿಸಿ ಒಪ್ಪಿಕೊಂಡಳು. ಆಮೇಲೆ ಎರಡನೆಯ ಹಾಡಿಗೆಂದು ಅಪ್ಪನ ಕೈಯಿಂದ ಹಲಗೆ ಇಸಿದುಕೊಂಡು ಬೆಂಕಿಯ ಕಡೆ ನಡೆದಳು, ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, ಡಬ್ಬಿಗೆ ಇನ್ನಷ್ಟು ಐಸ್ ಹಾಕು ಎಂದು ನನಗೆ ಗದರಿದಳು.